ಕಿಟಕಿ ಮುಚ್ಚಿಸುವುದು ಸೆಕೆಯಲ್ಲ, ಸದ್ದು: ಹಸಿರು ಕಟ್ಟಡದಲ್ಲಿ ತಾಪ, ಗಾಳಿ ಮತ್ತು ಶಬ್ದದ ವಿನ್ಯಾಸ

(ಶಾಲಾ ಕಟ್ಟಡ ಸಮಿತಿಯವರು, ಸಿವಿಲ್ ಎಂಜಿನಿಯರುಗಳು ಮತ್ತು ಮನೆ ಕಟ್ಟಿಸುವವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಏಪ್ರಿಲ್ ತಿಂಗಳನ್ನೇ ತೆಗೆದುಕೊಳ್ಳೋಣ. ವರ್ಷದಲ್ಲಿ ಅತಿ ಸೆಕೆಯ ತಿಂಗಳದು. ಹಗಲಿನ ಗರಿಷ್ಠ ತಾಪ 34 ಡಿಗ್ರಿಯ ಸುತ್ತಮುತ್ತ, ರಾತ್ರಿಯ ಕನಿಷ್ಠ 22ರ ಆಸುಪಾಸು, ಸರಾಸರಿ 28 ಎಂದಿಟ್ಟುಕೊಳ್ಳಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ, ಭಾರತದ ಕಟ್ಟಡಗಳಲ್ಲೇ ಜನರನ್ನು ಕೇಳಿ ರೂಪಿಸಿದ ಒಂದು ಸೂತ್ರವಿದೆ. ಕಿಟಕಿ ತೆರೆದು ಗಾಳಿಯಾಡುವ ಕಟ್ಟಡದಲ್ಲಿ ಹಿತವೆನಿಸುವ ತಾಪ ಎಷ್ಟು? ಹಿಂದಿನ 30 ದಿನಗಳ ಹೊರಗಿನ ಸರಾಸರಿ ತಾಪವನ್ನು 0.54ರಿಂದ ಗುಣಿಸಿ, 12.83 ಕೂಡಿಸಿ. 28 ಡಿಗ್ರಿಗೆ ಉತ್ತರ ಸುಮಾರು 28. ಅದರ ಆಚೆ ಈಚೆ 2.4 ಡಿಗ್ರಿಯವರೆಗೆ ಶೇಕಡ 90ರಷ್ಟು ಜನ ಒಪ್ಪುತ್ತಾರೆ. ಅಂದರೆ ಒಳಗೆ 30 ಡಿಗ್ರಿ ದಾಟದಂತೆ ನೋಡಿಕೊಂಡರೆ ಸಾಕು. ನೆರಳು, ಸರಿಯಾದ ತಾರಸಿ, ತೆರೆದ ಕಿಟಕಿ, ಫ್ಯಾನು ಇದ್ದರೆ ಇದು ಸಾಧ್ಯ. ಎ.ಸಿ. ಬೇಕಿಲ್ಲ.

ಹಾಗಿದ್ದರೂ ಈ ಊರಿನಲ್ಲಿ ರಸ್ತೆ ಬದಿಯ ಶಾಲೆ, ಕಚೇರಿ, ಮಲಗುವ ಕೋಣೆಗಳಿಗೆ ಎ.ಸಿ. ಬರುತ್ತಲೇ ಇದೆ. ಬಹಳಷ್ಟು ಕಡೆ ಕಾರಣ ಸೆಕೆಯಲ್ಲ. ಹೊರಗಿನ ಗದ್ದಲಕ್ಕೆ ಕಿಟಕಿ ಮುಚ್ಚುತ್ತಾರೆ, ಮುಚ್ಚಿದ ಕೋಣೆ ಬಿಸಿಯಾಗುತ್ತದೆ, ಆಮೇಲೆ ಯಂತ್ರ ಬರುತ್ತದೆ. ಕಿಟಕಿಯನ್ನೇ ನಂಬಿ ಮಾಡಿದ ಹಸಿರು ವಿನ್ಯಾಸವೆಲ್ಲ ಆ ಒಂದು ಚಿಲಕದ ಜೊತೆಗೇ ಮುಚ್ಚಿಹೋಗುತ್ತದೆ. ಆದ್ದರಿಂದ ನಮ್ಮ ಹವೆಯಲ್ಲಿ ಶಬ್ದದ ವಿನ್ಯಾಸವೆಂದರೆ ವಿದ್ಯುತ್ ಉಳಿತಾಯದ ವಿನ್ಯಾಸವೇ. ಇವತ್ತು ನಾವು ಹೇಳಬೇಕಾದ್ದು ಇದೊಂದೇ ಮಾತು. ಉಳಿದದ್ದೆಲ್ಲ ಅದನ್ನು ಮಾಡುವ ಬಗೆ.

ಮುಚ್ಚಿದ ಕಿಟಕಿಯ ಬೆಲೆ ತಾಪದಲ್ಲಷ್ಟೇ ಅಲ್ಲ. 7.2 ಮೀಟರ್ ಉದ್ದ, 6 ಮೀಟರ್ ಅಗಲ, 3.3 ಮೀಟರ್ ಎತ್ತರದ ತರಗತಿಯಲ್ಲಿ ಸುಮಾರು 143 ಘನ ಮೀಟರ್ ಗಾಳಿ ಇರುತ್ತದೆ. ಕೂತ ಒಂದು ಮಗು ಗಂಟೆಗೆ ಸುಮಾರು 13 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ ಎಂದುಕೊಂಡರೆ, 40 ಮಕ್ಕಳಿಂದ 45 ನಿಮಿಷದ ಒಂದು ಪೀರಿಯಡ್‌ನಲ್ಲಿ 390 ಲೀಟರ್. ಸಂದುಗಳಲ್ಲಿ ಗಾಳಿ ಸೋರದಿದ್ದರೆ ಅದರ ಪ್ರಮಾಣ ಹತ್ತು ಲಕ್ಷಕ್ಕೆ 2,700ರಷ್ಟು ಏರುತ್ತದೆ. ಹೊರಗಿನ ಗಾಳಿಯಲ್ಲಿರುವುದು 420ರ ಆಸುಪಾಸು. ಮಧ್ಯಾಹ್ನದ ಪೀರಿಯಡ್‌ನಲ್ಲಿ ಮಕ್ಕಳು ತೂಕಡಿಸುವುದಕ್ಕೆ ಊಟವೊಂದೇ ಕಾರಣವಲ್ಲ.

ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಕಟ್ಟಡಗಳಲ್ಲಿ ಕೆಲಸ ಮಾಡುವವರನ್ನು ಅನೇಕ ವರ್ಷಗಳಿಂದ ಸಮೀಕ್ಷೆ ಮಾಡುತ್ತಿದ್ದಾರೆ. ಅವರ ಆರಂಭದ ಒಂದು ವರದಿಯಂತೆ, ಹಸಿರು ಪ್ರಮಾಣಪತ್ರದ ಕಟ್ಟಡಗಳಲ್ಲಿ ಗಾಳಿಯ ಗುಣ ಮತ್ತು ತಾಪದ ಬಗ್ಗೆ ಜನ ಹೆಚ್ಚು ತೃಪ್ತರು. ಸದ್ದಿನ ವಿಷಯದಲ್ಲಿ ಮಾತ್ರ ಮಾಮೂಲಿ ಕಟ್ಟಡಗಳಿಗಿಂತ ಮೇಲೆನ್ನುವಂತಿಲ್ಲ. ಅಕ್ಕಪಕ್ಕದವರ ಮಾತು ಕಿವಿಗೆ ಬೀಳುವುದು ಅತಿ ದೊಡ್ಡ ದೂರುಗಳಲ್ಲೊಂದು. ಕಾರಣ ನೇರವಾಗಿದೆ. ಬರಿಯ ಕಾಂಕ್ರೀಟ್ ಸೂರು ತಂಪಿಗೆ ಒಳ್ಳೆಯದು, ಅದು ಸದ್ದನ್ನು ಹೀರುವುದಿಲ್ಲ. ಬೆಳಕಿಗೆ, ಗಾಳಿಗೆ ಗೋಡೆ ತೆಗೆದರೆ ಮಾತು ತಡೆಯುವುದಕ್ಕೆ ಏನೂ ಉಳಿಯುವುದಿಲ್ಲ. ಮಣ್ಣಿನ ಇಟ್ಟಿಗೆಯನ್ನು ಗಿಲಾವಿಲ್ಲದೆ ಬಿಟ್ಟರೆ ಸಿಮೆಂಟು ಉಳಿಯುತ್ತದೆ, ಮೇಲ್ಮೈ ಮಾತ್ರ ಗಟ್ಟಿಯೇ.

ನಿವೇಶನದ ನಕ್ಷೆಯಲ್ಲೇ ಅರ್ಧ ಕೆಲಸ

ಶಬ್ದ ಮಾಲಿನ್ಯ ನಿಯಮ 2000ರ ಪ್ರಕಾರ ಶಾಲೆ, ಆಸ್ಪತ್ರೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲು 50, ರಾತ್ರಿ 40 ಡೆಸಿಬಲ್ ಮಿತಿ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45. ವಿನ್ಯಾಸ ಮಾಡುವವರು ಈ ಅಂಕಿಗಳನ್ನು ನಂಬಿ ಕೂರಬಾರದು. ಜಾಗಕ್ಕೆ ಹೋಗಿ ಅಳೆಯಬೇಕು: ಬೆಳಗ್ಗೆ ಶಾಲೆ ಶುರುವಾಗುವ ಹೊತ್ತು, ಮಧ್ಯಾಹ್ನ, ಸಂಜೆ, ಮನೆಯಾದರೆ ರಾತ್ರಿ 11ರ ನಂತರವೂ. ಪ್ರತಿ ಸಲ ಕಡಿಮೆಯೆಂದರೆ 15 ನಿಮಿಷ, ಕಟ್ಟಡದ ಮುಖ ಎಲ್ಲಿ ಬರುತ್ತದೋ ಆ ಗೆರೆಯ ಮೇಲೆ. ಮೊದಲ ಮಹಡಿಯ ಎತ್ತರದಲ್ಲೂ ಒಮ್ಮೆ ಅಳೆಯಿರಿ, ಏಕೆಂದರೆ ಕಾಂಪೌಂಡ್ ಗೋಡೆ ನೆಲಮಹಡಿಯನ್ನು ಮಾತ್ರ ಕಾಯುತ್ತದೆ.

ಅಳತೆ 68 ಡೆಸಿಬಲ್ ಬಂತು ಎನ್ನಿ. ಕಿಟಕಿ ತೆರೆದಿದ್ದರೆ ಒಳಗೆ ಇಳಿಯುವುದು 10ರಿಂದ 15 ಅಷ್ಟೇ. 12 ಕಳೆದರೆ 56. ಮೇಷ್ಟ್ರ ದನಿ ಹಿಂದಿನ ಬೆಂಚಿಗೆ ಮುಟ್ಟುವಾಗ 55ರ ಸುಮಾರು ಇರುತ್ತದೆ. ಮಾತು ಮತ್ತು ಗದ್ದಲ ಸರಿಸಮ. ಮಕ್ಕಳಿಗೆ, ಅದರಲ್ಲೂ ಮನೆಮಾತು ಬೇರೆಯಾಗಿದ್ದು ಕನ್ನಡವನ್ನೋ ಇಂಗ್ಲಿಷನ್ನೋ ಹೊಸದಾಗಿ ಕಲಿಯುವ ಮಕ್ಕಳಿಗೆ, ಮಾತು ಗದ್ದಲಕ್ಕಿಂತ 15 ಡೆಸಿಬಲ್ ಮೇಲಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ತರಗತಿಗೆ ಹೇಳಿದ ಮಿತಿ 35 ಡೆಸಿಬಲ್. ಗಾಳಿಗೆ ತೆರೆದ ಶಾಲೆಯಲ್ಲಿ ಅದು ಕಷ್ಟ. 40 ಚಿಲ್ಲರೆಗೆ ಇಳಿಸಿದರೂ ಪಾಠ ಕೇಳುತ್ತದೆ.

ಕಟ್ಟಡವನ್ನು ಹಿಂದಕ್ಕೆ ಸರಿಸಿದರೆ? ವಾಹನ ಸಾಲುಗಟ್ಟಿ ಓಡುವ ರಸ್ತೆಯಿಂದ ದೂರ ಎರಡರಷ್ಟಾದರೆ ಇಳಿಯುವುದು 3 ಡೆಸಿಬಲ್ ಮಾತ್ರ. 10 ಮೀಟರ್ ಇದ್ದದ್ದು 20 ಮಾಡಿದರೆ ಜಾಗ ಹೋಯಿತು, ಸದ್ದು ಹೋಗಲಿಲ್ಲ. ಅದರ ಬದಲು ಕಟ್ಟಡವನ್ನು ತಿರುಗಿಸಿ. ರಸ್ತೆಗೆ ಬೆನ್ನು ಮಾಡಿದ ಮುಖದಲ್ಲಿ 10ರಿಂದ 15 ಡೆಸಿಬಲ್ ಕಡಿಮೆ ಇರುತ್ತದೆ. 68 ಇದ್ದದ್ದು 55 ಆಗಿ, ತೆರೆದ ಕಿಟಕಿಯೊಳಗೆ 43 ಬರುತ್ತದೆ. ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ ಸಿಗುವ ಲಾಭವಿದು. ಮೆಟ್ಟಿಲು, ಶೌಚಾಲಯ, ಉಗ್ರಾಣ, ಪಡಸಾಲೆ ರಸ್ತೆಯ ಕಡೆ. ತರಗತಿಯ ಕಿಟಕಿ ಒಳ ಅಂಗಳದ ಕಡೆ. ಒಂದು ಎಚ್ಚರಿಕೆ: ಆ ಅಂಗಳದಲ್ಲೇ ಆಟದ ಬಯಲು ಇಟ್ಟರೆ, ಅಥವಾ ಎದುರಿಗೆ ಇನ್ನೊಂದು ಸಪಾಟು ಗೋಡೆ ನಿಂತರೆ, ಗಳಿಸಿದ್ದರಲ್ಲಿ ಅರ್ಧ ವಾಪಸು ಹೋಗುತ್ತದೆ.

ಇಲ್ಲಿ ಸೂರ್ಯನ ದಿಕ್ಕು ಅಡ್ಡ ಬರುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಹಗಲು ಸೂರ್ಯ ದಕ್ಷಿಣಕ್ಕೆ 53.5 ಡಿಗ್ರಿ ಎತ್ತರದಲ್ಲಿರುತ್ತಾನೆ. 1.2 ಮೀಟರ್ ಎತ್ತರದ ದಕ್ಷಿಣದ ಕಿಟಕಿಗೆ ಪೂರ್ತಿ ನೆರಳು ಬೇಕಾದರೆ ಸಜ್ಜಾ 90 ಸೆಂಟಿಮೀಟರ್ ಚಾಚಬೇಕು. ಉತ್ತರದ ಕಿಟಕಿಗೆ ಜೂನ್ ತಿಂಗಳ ನಡುಹಗಲಲ್ಲಿ 22 ಸೆಂಟಿಮೀಟರ್ ಸಾಕು, ಮಳೆಗೆ ಬೇಕಾದ್ದು ಅದಕ್ಕಿಂತ ಹೆಚ್ಚು. ಪೂರ್ವ, ಪಶ್ಚಿಮಕ್ಕೆ ಸಜ್ಜಾ ಎಷ್ಟು ಚಾಚಿದರೂ ಸಾಲದು, ಬಿಸಿಲು ಅಡ್ಡಡ್ಡ ಬರುತ್ತದೆ. ರಸ್ತೆ ಪೂರ್ವಕ್ಕೋ ಪಶ್ಚಿಮಕ್ಕೋ ಇದ್ದರೆ ಅದೃಷ್ಟ: ಆ ಕಡೆ ಗಟ್ಟಿಗೋಡೆ ಕಟ್ಟಿದರೆ ಬಿಸಿಲೂ ಸದ್ದೂ ಒಟ್ಟಿಗೆ ನಿಲ್ಲುತ್ತವೆ. ರಸ್ತೆ ಉತ್ತರಕ್ಕಿದ್ದರೆ ಯೋಚನೆ ಬೇಕು, ಏಕೆಂದರೆ ಒಳ್ಳೆಯ ಬೆಳಕು ಬರುವುದೇ ಆ ಕಡೆಯಿಂದ. ಅಲ್ಲಿ ತೆರೆಯದ ಗಾಜಿನಿಂದ ಬೆಳಕನ್ನಷ್ಟೇ ಒಳಗೆ ಬಿಟ್ಟು, ಗಾಳಿಗೆ ದಕ್ಷಿಣದ ಕಡೆ ನೋಡಿ.

ಒಂದು ಬದಿಯನ್ನು ಮುಚ್ಚಿದರೆ ಗಾಳಿ ಅಡ್ಡ ಹಾಯುವುದು ಹೇಗೆ? ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆಯ ಕಟ್ಟಡ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ತೊಂದರೆ ಸದ್ದಲ್ಲ, ದಕ್ಷಿಣಕ್ಕಿರುವ ಮೋರಿಯ ನಾತ. ಗಾಳಿ ಬೀಸುವುದೂ ಅದೇ ಕಡೆಯಿಂದ. ಅದಕ್ಕೆ ದಕ್ಷಿಣದಲ್ಲಿ ಕಿಟಕಿ ಇಡದೆ, ನಡುವೆ ಟೊಳ್ಳಿರುವ ಎರಡು ಪದರದ ಗೋಡೆ ಕಟ್ಟಿ, ಹೊರಗೆ ಕಪ್ಪು ಕಡಪ ಕಲ್ಲು ಹಾಕಿದರು. ಬಿಸಿಲಿಗೆ ಕಲ್ಲು ಕಾದು ಟೊಳ್ಳಿನ ಗಾಳಿ ಮೇಲೇರುತ್ತದೆ, ಉತ್ತರದ ತೆರೆದ ಮುಖದಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೆಟ್ಟ ದಿಕ್ಕಿಗೆ ದಪ್ಪ ಬೆನ್ನು, ಒಳ್ಳೆಯ ದಿಕ್ಕಿನಿಂದ ಉಸಿರು. ನಾತದ ಜಾಗದಲ್ಲಿ ಹಾರನ್ ಇಟ್ಟು ನೋಡಿ, ಪರಿಹಾರ ಹಾಗೆಯೇ ನಿಲ್ಲುತ್ತದೆ.

ಆದರೆ ಈ ಸೆಳೆತದ ಬಲ ಕಡಿಮೆ. 6 ಮೀಟರ್ ಎತ್ತರದ ಚಿಮಣಿಯಲ್ಲಿ ಒಳಗಿನ ಗಾಳಿ ಹೊರಗಿಗಿಂತ 5 ಡಿಗ್ರಿ ಬಿಸಿಯಿದ್ದರೆ ಹುಟ್ಟುವ ಒತ್ತಡ 1.2 ಪಾಸ್ಕಲ್ ಮಾತ್ರ. ಗಾಳಿಯ ದಾರಿ ಇಕ್ಕಟ್ಟಾಯಿತೆಂದರೆ ಏನೂ ಚಲಿಸುವುದಿಲ್ಲ. ನಾವು ಹೇಳಿದ ತರಗತಿಯಲ್ಲಿ ಮಗುವಿಗೆ ಸೆಕೆಂಡಿಗೆ 8 ಲೀಟರ್‌ನಂತೆ 320 ಲೀಟರ್ ಬೇಕು. ಅಂದರೆ ಗಂಟೆಗೆ 8 ಸಲ ಕೋಣೆಯ ಗಾಳಿ ಬದಲಾಗಬೇಕು. ಇದಕ್ಕೆ ಸರಾಗವಾದ ದಾರಿಯಾದರೆ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು, ಸದ್ದು ಹೀರುವ ಪದರ ಹಾಕಿ ತಿರುವು ಕೊಟ್ಟ ದಾರಿಯಾದರೆ ಒಂದು ಚದರ ಮೀಟರ್ ಬೇಕು, ಒಳಬರುವ ಕಡೆಯೂ ಹೊರಹೋಗುವ ಕಡೆಯೂ. ಇದು ಉಸಿರಾಟಕ್ಕೆ ಸಾಕು. ಸೆಕೆ ಕಳೆಯಲು ಮೌನವಿರುವ ಬದಿಯ ದೊಡ್ಡ ಕಿಟಕಿ, ಜೊತೆಗೆ ಫ್ಯಾನು.

ರಸ್ತೆಯ ಕಡೆಯಿಂದಲೇ ಗಾಳಿ ತರಬೇಕಾದರೆ ಕಿಟಕಿಯ ಕೆಳಗಿನ ಗೋಡೆಗೆ ಗಾಳಿಗೂಡು ಕಟ್ಟಬಹುದು. ಒಳಗಡೆ 300 ಮಿಲಿಮೀಟರ್ ಆಳದ ಪೆಟ್ಟಿಗೆ. ಎರಡೂ ಮೈಗೆ 50 ಮಿಲಿಮೀಟರ್ ದಪ್ಪದ, ಘನ ಮೀಟರಿಗೆ 48 ಕಿಲೋ ಸಾಂದ್ರತೆಯ, ಕಲ್ಲು ಕರಗಿಸಿ ಮಾಡಿದ ನಾರಿನ ಹಾಸು ರಾಕ್‌ವುಲ್. ಉಳಿಯುವ ದಾರಿ 200 ಮಿಲಿಮೀಟರ್. ಹೊರಗಿನ ಬಾಯಿ ಒಂದು ಕಡೆ ಕೆಳಗೆ, ಒಳಗಿನ ಬಾಯಿ ಇನ್ನೊಂದು ಕಡೆ ಮೇಲೆ, ನಡುವೆ ಕಡಿಮೆಯೆಂದರೆ 1.2 ಮೀಟರ್ ಪಯಣ. ಗೋಡೆಯುದ್ದಕ್ಕೂ 5 ಮೀಟರ್ ಕಟ್ಟಿದರೆ ಬೇಕಾದ ಒಂದು ಚದರ ಮೀಟರ್ ಸಿಕ್ಕಿತು. ರಾಕ್‌ವುಲ್ಲಿನ ಎಳೆ ಉದುರದಂತೆ ಗ್ಲಾಸ್ ಟಿಶ್ಯೂ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ತೂತಿನ ತಗಡು ಹೊದಿಸಿ. ತಗಡಿನಲ್ಲಿ ತೂತು ಶೇಕಡ 30ರಷ್ಟಾದರೂ ಇರಲಿ. ಒರೆಸಲು ಬಿಚ್ಚುವ ಮುಚ್ಚಳ ಕಡ್ಡಾಯ, ಇಲ್ಲದಿದ್ದರೆ ಎರಡೇ ವರ್ಷದಲ್ಲಿ ಧೂಳು, ಜೇಡ, ಹಲ್ಲಿ ಸೇರಿ ಯಾರೋ ಅದಕ್ಕೆ ರಟ್ಟು ಅಂಟಿಸುತ್ತಾರೆ. ಹಾರನ್ನು, ಮಾತಿನಂಥ ತೀಕ್ಷ್ಣ ಸದ್ದು ಇದರಲ್ಲಿ ಚೆನ್ನಾಗಿ ಇಳಿಯುತ್ತದೆ. ಲಾರಿ ಎಂಜಿನ್ನಿನ ಗುಡುಗು ಅಷ್ಟಾಗಿ ಇಳಿಯದು. ಅದಕ್ಕೆ ಪದರದ ದಪ್ಪ ಇನ್ನೂ ಬೇಕು.

ಕಿಟಕಿ, ಬಾಗಿಲು, ಸಂದು

ಎರಡೂ ಕಡೆ ಗಿಲಾವು ಮಾಡಿದ 230 ಮಿಲಿಮೀಟರ್ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬಲ್ ತಡೆಯುತ್ತದೆ. 6 ಮಿಲಿಮೀಟರ್ ಗಾಜು 30. ಹತ್ತು ಚದರ ಮೀಟರ್ ಗೋಡೆಯಲ್ಲಿ ಎರಡು ಚದರ ಮೀಟರ್ ಗಾಜು ಕೂರಿಸಿದರೆ ಒಟ್ಟು ತಡೆ ಎಷ್ಟು? ಸರಾಸರಿ ತೆಗೆದು 46 ಅಂತೀರಿ. ಬರುವುದು 37. ಸದ್ದು ದುರ್ಬಲ ಭಾಗವನ್ನು ಹುಡುಕಿಕೊಂಡು ಬರುತ್ತದೆ. ಸಂದಿನ ಲೆಕ್ಕ ಇನ್ನೂ ಕಟು: ಗೋಡೆ ಎಷ್ಟೇ ದಪ್ಪವಿರಲಿ, ವಿಸ್ತಾರದ ಶೇಕಡ ಒಂದರಷ್ಟು ತೂತು ಉಳಿದರೆ ಒಟ್ಟು ತಡೆ 20 ಡೆಸಿಬಲ್ ದಾಟುವುದಿಲ್ಲ. ಸಾವಿರಕ್ಕೆ ಒಂದು ಪಾಲು ಉಳಿದರೆ 30. ಮೀಟಿಂಗ್ ಕೋಣೆಯ ಬಾಗಿಲಡಿ ಬಿಟ್ಟ 10 ಮಿಲಿಮೀಟರ್ ಸಂದು, 90 ಸೆಂಟಿಮೀಟರ್ ಅಗಲಕ್ಕೆ, ಹತ್ತು ಚದರ ಮೀಟರ್ ಗೋಡೆಯ ಸಾವಿರಕ್ಕೊಂದು ಪಾಲೇ. ಒಳಗಿನ ಗುಟ್ಟಿನ ಮಾತು ಹೊರಗೆ ಅರ್ಥವಾಗುವುದು ಅಲ್ಲಿಂದಲೇ.

ಆದ್ದರಿಂದ ದುಡ್ಡು ಕಡಿಮೆಯಿದ್ದಾಗ ಎರಡು ಗಾಜಿನ ಕಿಟಕಿಗೆ ಹೋಗುವ ಮುನ್ನ ಚೌಕಟ್ಟು ನೋಡಿ. ಈಗ ಮನೆಮನೆಗೂ ಬರುತ್ತಿರುವ ಸ್ಲೈಡಿಂಗ್ ಕಿಟಕಿ ತಾಪಕ್ಕೂ ಸದ್ದಿಗೂ ಹಿಂದುಳಿದದ್ದು. ಎರಡು ಹಳಿಯದಾದರೆ ತೆರೆಯುವುದು ಅರ್ಧವೇ; ಮುಚ್ಚಿದಾಗಲೂ ಬ್ರಷ್ಷಿನಂಥ ಪಟ್ಟಿಯ ಮೇಲೆ ಸಡಿಲವಾಗಿ ನಿಲ್ಲುತ್ತದೆ, ಗಾಳಿ ನುಗ್ಗುವ ಕಡೆ ಸದ್ದೂ ನುಗ್ಗುತ್ತದೆ. ಹಳೆಯ ರೀತಿ ಹೊರಕ್ಕೆ ತೆರೆಯುವ ಕದದ ಕಿಟಕಿ ಹೆಚ್ಚುಕಡಿಮೆ ಪೂರ್ತಿ ತೆರೆಯುತ್ತದೆ, ಮುಚ್ಚಿ ಚಿಲಕ ಹಾಕಿದರೆ ರಬ್ಬರ್ ಪಟ್ಟಿಗೆ ಒತ್ತಿ ಕೂರುತ್ತದೆ. ಗ್ರಿಲ್ಲನ್ನು ಒಳಗಿಟ್ಟು ಕದವನ್ನು ಹೊರಕ್ಕೆ ತೆರೆಯುವಂತೆ ಮಾಡಿ, ಗಾಳಿಗೆ ಬಡಿಯದಂತೆ ಕೊಕ್ಕೆ ಹಾಕಿ. ರಾಷ್ಟ್ರೀಯ ಇಕೋ ನಿವಾಸ ಸಂಹಿತೆ ಮನೆಗಳಿಗೆ ಹೇಳುವ ಪ್ರಕಾರ ತೆರೆಯುವ ಕಿಟಕಿಯ ವಿಸ್ತಾರ ಬೆಂಗಳೂರಿನಂಥ ಸಮಶೀತೋಷ್ಣ ಹವೆಯಲ್ಲಿ ನೆಲದ ಶೇಕಡ 12.5, ಮಂಗಳೂರಿನಂಥ ಬೆಚ್ಚನೆ ತೇವದ ಹವೆಯಲ್ಲಿ 16.66 ಇರಬೇಕು. ಸ್ಲೈಡಿಂಗ್ ಹಾಕಿದರೆ ಅದೇ ಗಾಳಿಗೆ ಎರಡರಷ್ಟು ಗಾಜು ಬೇಕಾಗುತ್ತದೆ, ಗಾಜಿನ ಜೊತೆ ಬಿಸಿಲು. ಸೊಳ್ಳೆ ಜಾಲರಿ ಗಾಳಿಯನ್ನು ಮೂರನೇ ಒಂದರಷ್ಟೋ ಇನ್ನೂ ಹೆಚ್ಚೋ ತಡೆಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಚೌಕಟ್ಟಿಗೂ ಗೋಡೆಗೂ ನಡುವಿನ ಸಂದನ್ನು ಬರೀ ಫೋಮ್ ಸಿಡಿಸಿ ಮುಚ್ಚುವುದು ಈಗಿನ ರೂಢಿ. ಫೋಮ್ ಹಗುರ, ಸದ್ದು ತಡೆಯಲು ತೂಕ ಬೇಕು. ಗಾರೆ ತುಂಬಿ, ಮೇಲೆ ಸೀಲೆಂಟ್ ಎಳೆಸಿ. ಈ ಕೆಲಸ ಮೇಸ್ತ್ರಿಯದ್ದೋ ಕಿಟಕಿ ಕೂರಿಸುವವನದ್ದೋ ಎಂದು ಮೊದಲೇ ಬರೆದುಕೊಡದಿದ್ದರೆ ಇಬ್ಬರೂ ಮಾಡುವುದಿಲ್ಲ.

ಸೂರು: ತಂಪಿಗೂ ಮಾತಿಗೂ

ಈಗ ಕೋಣೆಯ ಒಳಗೆ ಬರೋಣ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1895ರ ಹೊತ್ತಿಗೆ, ಹೊಸದಾಗಿ ಕಟ್ಟಿದ್ದ ಉಪನ್ಯಾಸ ಸಭಾಂಗಣವೊಂದರಲ್ಲಿ ಮಾತೇ ಅರ್ಥವಾಗದೆ ಹೋದಾಗ, ಸರಿಪಡಿಸುವ ಕೆಲಸ ವಾಲೇಸ್ ಸಬೈನ್ ಎಂಬ ಭೌತವಿಜ್ಞಾನಿಗೆ ಬಂತು. ಪಕ್ಕದ ರಂಗಮಂದಿರದ ಕುರ್ಚಿಮೆತ್ತೆಗಳನ್ನು ಹೊತ್ತು ತಂದು, ಒಂದೊಂದು ಮೆತ್ತೆ ಹೆಚ್ಚಿಸಿದಾಗ ಮಾರ್ದನಿ ಎಷ್ಟು ಬೇಗ ಅಡಗುತ್ತದೆಂದು ಅವರು ಅಳೆದರು. ಆ ಪ್ರಯೋಗಗಳಿಂದ ಬಂದ ಸೂತ್ರವನ್ನೇ ಇಂದಿಗೂ ಬಳಸುತ್ತೇವೆ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ ಭಾಗಿಸಿದರೆ, ಸದ್ದು 60 ಡೆಸಿಬಲ್ ಇಳಿಯಲು ಹಿಡಿಯುವ ಸೆಕೆಂಡು ಸಿಗುತ್ತದೆ. ತರಗತಿಗೆ ಇದು 0.6 ಸೆಕೆಂಡು ಇರಬೇಕು.

ನಮ್ಮ ತರಗತಿಗೆ ಹಾಕಿ ನೋಡಿ. ನೆಲ, ಸೂರು, ಗೋಡೆ ಸೇರಿ 173 ಚದರ ಮೀಟರ್. ಎಲ್ಲವೂ ಕಾಂಕ್ರೀಟು, ಗಾರೆ, ಟೈಲ್ಸ್ ಆದರೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಮೂರು ಪಾಲು ಮಾತ್ರ ಹೀರುತ್ತವೆ, ಅಂದರೆ 5.2 ಚದರ ಮೀಟರಿನಷ್ಟು. 143ನ್ನು 0.161ರಿಂದ ಗುಣಿಸಿದರೆ 23; ಅದನ್ನು 5.2ರಿಂದ ಭಾಗಿಸಿದರೆ 4.4 ಸೆಕೆಂಡು. ಖಾಲಿ ಕೋಣೆಯಲ್ಲಿ ಕೂಗಿದರೆ ದೇವಸ್ಥಾನದಂತೆ ಮೊಳಗುವುದು ಇದಕ್ಕೇ. 40 ಮಕ್ಕಳು ಬಂದರೆ ತಲಾ 0.3ರಂತೆ 12 ಸೇರುತ್ತದೆ. 5.4 ಚದರ ಮೀಟರ್ ಕಿಟಕಿ ತೆರೆದರೆ ಹೊರಹೋದ ಸದ್ದು ತಿರುಗಿ ಬಾರದು, ಅದೂ ಹೀರಿದಂತೆಯೇ. ಒಟ್ಟು 22, ಸಮಯ 1 ಸೆಕೆಂಡಿಗೆ ಇಳಿಯಿತು. ಮಳೆ ಬಂದು ಕಿಟಕಿ ಮುಚ್ಚಿದರೆ ಮತ್ತೆ 1.3. 0.6 ಬೇಕಾದರೆ 38 ಚದರ ಮೀಟರಿನ ಹೀರುವಿಕೆ ಬೇಕು, ಕೊರತೆ 16. ನೂರಕ್ಕೆ 80 ಪಾಲು ಹೀರುವ ಹಲಗೆಯಾದರೆ ಸುಮಾರು 21 ಚದರ ಮೀಟರ್, ಅಂದರೆ ಸೂರಿನ ಅರ್ಧ. ಆಗ ಕಿಟಕಿ ಮುಚ್ಚಿದರೂ 0.7 ದಾಟುವುದಿಲ್ಲ.

ಅರ್ಧ ಎನ್ನುವುದು ಮುಖ್ಯ. ಪೂರ್ತಿ ಫಾಲ್ಸ್ ಸೀಲಿಂಗ್ ಹಾಕಿದರೆ ಕಾಂಕ್ರೀಟ್ ಸೂರು ಕೋಣೆಯಿಂದ ಬೇರೆಯಾಗುತ್ತದೆ. ರಾತ್ರಿಯ ತಂಪು ಗಾಳಿಗೆ ಆರಿ, ಹಗಲಿನ ಬಿಸಿಯನ್ನು ಹೀರುವ ಅದರ ಕೆಲಸ ನಿಂತುಹೋಗುತ್ತದೆ. ಸೂರಿನಿಂದ 200 ಮಿಲಿಮೀಟರ್ ಕೆಳಗೆ ಬಿಡಿಬಿಡಿಯಾಗಿ ತೂಗಿದ ಹಲಗೆಗಳು ಹಾಗಲ್ಲ. ಸುತ್ತ ಗಾಳಿಯಾಡುವುದರಿಂದ ಅರ್ಧ ಸೂರು ಮುಚ್ಚಿದರೂ ತಂಪು ಅರ್ಧಕ್ಕಿಳಿಯುವುದಿಲ್ಲ, ನಷ್ಟ ಅದಕ್ಕಿಂತ ಬಹಳ ಕಡಿಮೆ. ಇನ್ನೂ ಒಳ್ಳೆಯದು ನಿಲುವಾಗಿ ತೂಗುವ ಪಟ್ಟಿಗಳು. 1200 ಮಿಲಿಮೀಟರ್ ಉದ್ದ, 300 ಎತ್ತರ, 40 ದಪ್ಪದ ಒಂದು ಪಟ್ಟಿ ಎರಡೂ ಮೈಯಿಂದ ಹೀರುತ್ತದೆ. ಈ ಕೋಣೆಗೆ ಸುಮಾರು 28 ಬೇಕು.

ಎಲ್ಲಿ ತೂಗಬೇಕು? ಮೇಷ್ಟ್ರ ತಲೆಯ ಮೇಲಿನಿಂದ ಕೋಣೆಯ ನಡುವಿನವರೆಗೆ ಸೂರು ಗಟ್ಟಿಯಾಗಿಯೇ ಇರಲಿ, ದನಿಯನ್ನು ಹಿಂದಿನ ಬೆಂಚಿಗೆ ಸಾಗಿಸುವುದು ಆ ಭಾಗವೇ. ಹಿಂದೆ ಮತ್ತು ಎರಡೂ ಬದಿಯಲ್ಲಿ ಹೀರುವ ಹಲಗೆ. ಎಲ್ಲವನ್ನೂ ಸೂರಿಗೇ ಹಾಕಿ ಗೋಡೆ ಮರೆತರೆ ಎದುರುಬದುರು ಸಪಾಟು ಗೋಡೆಗಳ ನಡುವೆ ಸದ್ದು ಪಟಪಟನೆ ಓಡಾಡುತ್ತದೆ, ಲೆಕ್ಕ ಸರಿಬಂದರೂ ಕಿವಿಗೆ ಹಿತವಿರುವುದಿಲ್ಲ. ಹಿಂದಿನ ಗೋಡೆಗೆ ಮೆತ್ತನೆಯ ಸೂಚನಾ ಫಲಕ, ಪಕ್ಕದ ಒಂದು ಗೋಡೆಗೆ ಪುಸ್ತಕದ ಕಪಾಟು ಇಡಿ. ಫ್ಯಾನಿನ ರೆಕ್ಕೆ ಪಟ್ಟಿಗಳ ಕೆಳತುದಿಗಿಂತ ಕೆಳಗಿರಲಿ, ನೆಲದಿಂದ 2.4 ಮೀಟರ್ ಮೇಲಿರಲಿ. ಪಟ್ಟಿಗಳ ನಡುವೆ ಸಿಕ್ಕಿಸಿದ ಫ್ಯಾನು ಗಾಳಿ ಎಳೆಯಲಾರದೆ ಸದ್ದು ಮಾಡುತ್ತದೆ. ಫ್ಯಾನಿನ ಗಾಳಿ ಮೈಗೆ 2–3 ಡಿಗ್ರಿ ತಂಪಿನಷ್ಟು ಹಿತ ಕೊಡುತ್ತದೆ. ಹಳೆಯ 75 ವಾಟಿನದರ ಬದಲು ಸುಮಾರು 30 ವಾಟಿನ, ಬ್ರಷ್ ಇಲ್ಲದ ಮೋಟಾರಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ ರೆಗ್ಯುಲೇಟರಿನ ಗುಂಯ್‌ಗುಟ್ಟುವಿಕೆಯೂ ಹೋಗುತ್ತದೆ.

ಹಲಗೆಗೆ ನಮ್ಮ ಆಯ್ಕೆ ಮರದ ಎಳೆಯನ್ನು ಸಿಮೆಂಟಿನಲ್ಲಿ ಕಟ್ಟಿದ ವುಡ್‌ವುಲ್. ತೇವಕ್ಕೆ ಬಾಗುವುದಿಲ್ಲ, ಬೆಂಕಿ ಹರಡುವುದಿಲ್ಲ, ಮಕ್ಕಳ ಚೆಂಡಿಗೂ ತಡೆಯುತ್ತದೆ. 25 ಮಿಲಿಮೀಟರ್ ಹಲಗೆಯ ಹಿಂದೆ 50 ಮಿಲಿಮೀಟರ್ ರಾಕ್‌ವುಲ್ ಇಟ್ಟರೆ ಮಾತ್ರ ನೂರಕ್ಕೆ 80 ಹೀರುತ್ತದೆ. ಬರೀ ಗಾಳಿಯ ಸಂದು ಬಿಟ್ಟರೆ 55ರ ಸುಮಾರು, ಆಗ 21ರ ಬದಲು 31 ಚದರ ಮೀಟರ್ ಬೇಕು. ನೇರವಾಗಿ ಸೂರಿಗೆ ಅಂಟಿಸಿದರೆ ಇನ್ನೂ ಕಡಿಮೆ. ಮತ್ತೊಂದು ಅಪಾಯ ಬಣ್ಣ. ನಾಲ್ಕೈದು ವರ್ಷಕ್ಕೆ ಶಾಲೆಗೆ ಬಣ್ಣ ಬಳಿಯುವಾಗ ರೋಲರಿನಲ್ಲಿ ಡಿಸ್ಟೆಂಪರ್ ಎಳೆದರೆ ರಂಧ್ರಗಳೆಲ್ಲ ಮುಚ್ಚಿ ಹಲಗೆ ಗೋಡೆಯಾಗುತ್ತದೆ. ತೆಳ್ಳಗೆ ಸ್ಪ್ರೇ ಮಾತ್ರ. ಕಟ್ಟಡ ಒಪ್ಪಿಸುವ ಕಡತದಲ್ಲಿ ಇದನ್ನು ದೊಡ್ಡಕ್ಷರದಲ್ಲಿ ಬರೆಯಿರಿ.

ತಾರಸಿಯ ಮೇಲ್ಮೈಗೆ ಎರಡು ಮಾತು. ಮೇಲಿನ ಮಹಡಿಯಲ್ಲಿ ಸಂಜೆ ಹೊತ್ತು ಸೆಕೆಯೆನಿಸುವುದು ಗಾಳಿಯ ಬಿಸಿಗಿಂತ ಕಾದ ಸೂರು ತಲೆಯ ಮೇಲೆ ಸೂಸುವ ಬಿಸಿಯಿಂದ. ಆದ್ದರಿಂದ ತಡೆ ತಾರಸಿಯ ಮೇಲ್ಗಡೆ ಇರಬೇಕು: ವಾಟರ್‌ಪ್ರೂಫಿಂಗ್ ಮೇಲೆ 25 ಮಿಲಿಮೀಟರ್ ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಫೋಮ್) ಹಲಗೆ, ಅದರ ಮೇಲೆ ಕಾಂಕ್ರೀಟ್ ಪದರ, ಬಿಳಿ ಟೈಲ್ಸು. ಇಕೋ ನಿವಾಸ ಸಂಹಿತೆ ತಾರಸಿಯ ಶಾಖ ಹರಿವಿಗೆ ಹಾಕಿದ 1.2ರ (ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 1.2 ವಾಟ್) ಮಿತಿಯೊಳಗೆ ಬರಲು ಇಷ್ಟು ಸಾಕು. ಅದೇ ತಡೆಯನ್ನು ಸೂರಿನ ಕೆಳಗೆ ಅಂಟಿಸಿದರೆ ಕಾಂಕ್ರೀಟಿನ ತಂಪೂ ಹೋಯಿತು, ಸದ್ದೂ ತಗ್ಗಲಿಲ್ಲ.

ಕರಾವಳಿ, ಮಲೆನಾಡಿನ ಮಾತೇ ಬೇರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ತಗಡಿನ ಶೀಟಿನ ಮೇಲೆ ಮಳೆ ಬಿದ್ದರೆ ಪಾಠ ನಿಲ್ಲುತ್ತದೆ. ಅರ್ಧ ಮಿಲಿಮೀಟರ್ ತಗಡಿಗೆ ತೂಕವಿಲ್ಲ, ಒಂದೊಂದು ಹನಿಗೂ ಅದು ಕಂಪಿಸುತ್ತದೆ. ಬೇಸಿಗೆಯಲ್ಲಿ ಅದೇ ತಗಡು ಕಾದು ಧಗೆ ಸುರಿಸುತ್ತದೆ. ಎರಡಕ್ಕೂ ಮದ್ದು ಒಂದೇ: ತಗಡಿನ ಒಳಮೈಗೆ ಕಂಪನ ಅಡಗಿಸುವ ಬಿಟುಮೆನ್ ಹಾಳೆ, ಕೆಳಗೆ 50 ಮಿಲಿಮೀಟರ್ ರಾಕ್‌ವುಲ್, ಅದರಡಿ 8ರಿಂದ 12 ಮಿಲಿಮೀಟರ್ ಸಿಮೆಂಟ್ ಹಲಗೆ. ಹಲಗೆಯನ್ನು ತಗಡಿನ ಚೌಕಟ್ಟಿಗೆ ಬಿಗಿಯಾಗಿ ಕಟ್ಟಬೇಡಿ, ರಬ್ಬರಿನ ಮೇಲೆ ತೂಗಿ. ಬಿಗಿದರೆ ಕಂಪನ ಮೊಳೆಯ ಮೂಲಕವೇ ಇಳಿದುಬರುತ್ತದೆ. ತಗಡಿಗೂ ರಾಕ್‌ವುಲ್ಲಿಗೂ ನಡುವೆ ಸಂದು ಬಿಟ್ಟು ಎರಡೂ ತುದಿಯಲ್ಲಿ ಗಾಳಿಯಾಡಲು ದಾರಿ ಕೊಡಿ, ಇಲ್ಲದಿದ್ದರೆ ತೇವ ಹನಿದು ರಾಕ್‌ವುಲ್ ಒದ್ದೆ ಮುದ್ದೆಯಾಗುತ್ತದೆ. ಹೊಸದಾಗಿ ಕಟ್ಟುವವರು ಮಂಗಳೂರು ಹಂಚನ್ನೇ ಮೊದಲು ಯೋಚಿಸಲಿ. ತೂಕವಿರುವುದರಿಂದ ಮಳೆಯ ಸದ್ದು ಮೃದು, ಸಂದುಗಳಲ್ಲಿ ಬಿಸಿಗಾಳಿ ಹೊರಹೋಗುತ್ತದೆ.

ಯಂತ್ರಗಳ ಬಗ್ಗೆ ಚುಟುಕಾಗಿ. ಡೀಸೆಲ್ ಜನರೇಟರು ನಿಯಮದಂತೆ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು, ಆದರೆ ಕಿಟಕಿಯ ಕೆಳಗಿನ ಓಣಿಯಲ್ಲಿ ಇಟ್ಟರೆ ಎರಡು ಗೋಡೆಗಳ ನಡುವೆ ಅದೂ ಜೋರಾಗುತ್ತದೆ. ನೀರಿನ ಪಂಪಿಗೆ ರಬ್ಬರ್ ಪಾದ, ಪೈಪಿಗೆ ಮೆತ್ತನೆಯ ಜೋಡಣೆ. ಮಲಗುವ ಕೋಣೆಯ ಗೋಡೆಯೊಳಗೆ ಶೌಚದ ಪೈಪು ಹುದುಗಿಸಬೇಡಿ. ಕಚೇರಿಗಳಲ್ಲಿ ಮೀಟಿಂಗ್ ಕೋಣೆಯ ಗೋಡೆ ಫಾಲ್ಸ್ ಸೀಲಿಂಗಿಗೆ ನಿಲ್ಲದೆ ಮೇಲಿನ ಸ್ಲ್ಯಾಬ್ ಮುಟ್ಟಬೇಕು. ಎರಡು ಕೋಣೆಗೆ ಒಂದೇ ನೇರ ಡಕ್ಟು ಹಾಕಿದರೆ ಮಾತು ಅದರಲ್ಲೇ ಹರಿಯುತ್ತದೆ, ಒಳಪದರ ಹಾಕಿದ ತಿರುವು ಬೇಕು. ಕೊನೆಯ ಗಾಳಿಬಾಯಿಯಲ್ಲಿ ವೇಗ ಸೆಕೆಂಡಿಗೆ 2.5 ಮೀಟರ್ ಮೀರಿದರೆ ಶಿಳ್ಳೆ ಕೇಳಿಸುತ್ತದೆ.

ಸಭಿಕರ ಪ್ರಶ್ನೆಗಳು

ರಸ್ತೆ ಬದಿಗೆ ಸಾಲುಮರ ನೆಟ್ಟರೆ ಸದ್ದು ನಿಲ್ಲುತ್ತದೆಯೇ?

ನೆರಳಿಗೆ, ಧೂಳಿಗೆ ಖಂಡಿತ ನೆಡಿ. ಸದ್ದಿಗೆ ಒಂದು ಸಾಲು ಏನೂ ಮಾಡದು. ಕೆಲವು ಡೆಸಿಬಲ್ ಇಳಿಯಬೇಕಾದರೂ ಬುಡದಿಂದ ತುದಿವರೆಗೆ ದಟ್ಟವಾದ, ಹತ್ತಾರು ಮೀಟರ್ ದಪ್ಪದ ತೋಪು ಬೇಕು. ಗಟ್ಟಿ ಕಾಂಪೌಂಡ್ ಗೋಡೆ ಕಿಟಕಿಯಿಂದ ವಾಹನ ಕಾಣದಂತೆ ಮರೆಮಾಡಿದರೆ 5 ಡೆಸಿಬಲ್ ಇಳಿಯುತ್ತದೆ, ಇನ್ನೂ ಎತ್ತರಿಸಿದರೆ 10ರವರೆಗೂ. ಅದರಲ್ಲಿ ಅಲಂಕಾರದ ಜಾಲಂಧ್ರ, ಸಂದು ಇರಕೂಡದು.

ಥರ್ಮಾಕೋಲ್, ಮೊಟ್ಟೆಯ ಟ್ರೇ, ಸ್ಪಂಜು ಹಚ್ಚಬಹುದೇ? ಅಗ್ಗವಲ್ಲವೇ?

ಥರ್ಮಾಕೋಲಿನ ಗುಳ್ಳೆಗಳು ಮುಚ್ಚಿರುತ್ತವೆ, ಗಾಳಿ ಒಳಹೋಗದು, ಸದ್ದು ಹೀರದು. ಮೊಟ್ಟೆಯ ಟ್ರೇ ತೀಕ್ಷ್ಣ ಸದ್ದನ್ನು ಅಷ್ಟಿಷ್ಟು ಚದುರಿಸುತ್ತದೆ, ಮಾತಿನ ತಳಮಟ್ಟದ ದನಿಗೆ ನಿಷ್ಪ್ರಯೋಜಕ. ಪಿ.ಯು. ಸ್ಪಂಜು ಹೀರುತ್ತದೆ, ಆದರೆ ಬೆಂಕಿ ತಗುಲಿದರೆ ಕ್ಷಣಾರ್ಧದಲ್ಲಿ ಹರಡಿ ವಿಷದ ಹೊಗೆ ಬಿಡುತ್ತದೆ. ಮಕ್ಕಳು ಕೂರುವ ಕೋಣೆಗೆ ಅದನ್ನು ಯಾವ ಕಾರಣಕ್ಕೂ ತರಬೇಡಿ. ಕಾರ್ಪೆಟ್ಟೂ ಬೇಡ: ತೀಕ್ಷ್ಣ ಸದ್ದನ್ನಷ್ಟೇ ಹೀರುತ್ತದೆ, ಮಂಗಳೂರಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಮೊಬೈಲಿನಲ್ಲಿ ಅಳೆದರೆ ನಂಬಬಹುದೇ?

ಹೋಲಿಕೆಗೆ ನಂಬಬಹುದು, ಪ್ರಮಾಣಪತ್ರಕ್ಕೆ ಅಲ್ಲ. ಒಂದೇ ಫೋನಿನಲ್ಲಿ, ಒಂದೇ ಜಾಗದಲ್ಲಿ, ಕೆಲಸಕ್ಕೆ ಮುಂಚೆ ಮತ್ತು ನಂತರ ಅಳೆದ ವ್ಯತ್ಯಾಸ ಉಪಯುಕ್ತ. ನಿಜವಾದ ಅಂಕಿ ಬೇಕಿದ್ದರೆ ಪರೀಕ್ಷಿಸಿ ಸರಿಹೊಂದಿಸಿದ ಶಬ್ದಮಾಪಕ ಬಾಡಿಗೆಗೆ ತನ್ನಿ. ಮಾರ್ದನಿಗೆ ಖಾಲಿ ಕೋಣೆಯಲ್ಲಿ ದೊಡ್ಡ ಬಲೂನು ಒಡೆದು ರೆಕಾರ್ಡ್ ಮಾಡಿ. ಸದ್ದು ಇಳಿಯುವ ಗೆರೆಯನ್ನು ಉಚಿತ ಸಾಫ್ಟ್‌ವೇರಿನಲ್ಲಿ ನೋಡಬಹುದು.

ನಮ್ಮದು ಹಳೆಯ ಸರ್ಕಾರಿ ಶಾಲೆ, ಹಣ ಬಹಳ ಕಡಿಮೆ. ಯಾವುದರಿಂದ ಶುರುಮಾಡಲಿ?

ಬೆಂಚು, ಡೆಸ್ಕಿನ ಕಾಲಿಗೆ ರಬ್ಬರ್ ಬೂಟು ಹಾಕಿಸಿ. ಎಳೆದಾಟದ ಕಿರ್ರೆನ್ನುವ ಸದ್ದು ಅಂದೇ ನಿಲ್ಲುತ್ತದೆ. ಫ್ಯಾನಿನ ಬೇರಿಂಗ್, ಅಲುಗಾಡುವ ಕಿಟಕಿ ಕದ, ಬಡಿಯುವ ಬಾಗಿಲು ರಿಪೇರಿ ಮಾಡಿಸಿ. ನಂತರ ತರಗತಿಗಳನ್ನು ಅದಲುಬದಲು ಮಾಡಿ: ಒಂದು, ಎರಡನೇ ತರಗತಿಯ ಮಕ್ಕಳು ಅತಿ ಮೌನವಿರುವ ಕೋಣೆಗೆ, ಕಚೇರಿ ಮತ್ತು ಸ್ಟೋರು ರಸ್ತೆಯ ಕಡೆಗೆ. ಆಮೇಲೆ ಹಣ ಬಂದಂತೆ ಹಿಂದಿನ ಗೋಡೆಗೆ ಆರು ಚದರ ಮೀಟರ್ ವುಡ್‌ವುಲ್ ಹಲಗೆ, ಮುಂದಿನ ವರ್ಷ ಸೂರಿನ ಅಂಚಿಗೆ ಉಳಿದದ್ದು. ರಸ್ತೆಯ ಕಡೆ ಜಗಲಿ ಇದ್ದರೆ ಅದರ ಸೂರಿಗೂ ನಾಲ್ಕು ಹಲಗೆ ಹಾಕಿ, ರಸ್ತೆಯ ಸದ್ದು ಅಲ್ಲಿಗೆ ಬಡಿದೇ ಕಿಟಕಿಗೆ ತಿರುಗುತ್ತದೆ. ಜಗಲಿಯ ಕಂಬಿಗಳ ಬದಲು ಒಂದು ಮೀಟರ್ ಎತ್ತರದ ಗಟ್ಟಿ ಅಡ್ಡಗೋಡೆ ಕಟ್ಟಿಸಿದರೆ ಮೊದಲ ಮಹಡಿಯಲ್ಲಿ ಕೂತ ಮಕ್ಕಳ ಕಿವಿಮಟ್ಟಕ್ಕೆ ರಸ್ತೆ ಮರೆಯಾಗುತ್ತದೆ. ಮಳೆನೀರು ಹೋಗಲು ಅದರ ಬುಡದಲ್ಲಿ ಪೈಪು ಇಡಿಸಿ, ಗೋಡೆಗೆ ಸಂದು ಬಿಡಬೇಡಿ.